ಮುಯ್ಯಿಯ ಊಟ

ಸ್ನೇಹಿತರನ್ನೂ ಬಂಧುಗಳನ್ನೂ ಮನೆಗೆ ಕರೆದು, ಎಲೆ ಹಾಕಿಸಿ, ಕೋಸಂಬರಿ ಮೊದಲ್ಗೊಂಡು ಮಜ್ಜಿಗೆಯವರೆಗೆ ಕ್ರಮ ತಪ್ಪದೆ ಬಡಿಸಿ, ಪಂಕ್ತಿಯ ನಡುವೆ ಕೈಮುಗಿದು ‘ಸಾವಕಾಶವಾಗಿ ಆಗಲಿ’ ಎಂದು ಉಪಚರಿಸಿ, ತಾಂಬೂಲವಿತ್ತು ಬೀಳ್ಕೊಟ್ಟ ಗೃಹಸ್ಥನು, ತಾನೊಂದು ಧರ್ಮಕಾರ್ಯವನ್ನು ನೆರವೇರಿಸಿದೆನೆಂಬ ಸಂತೃಪ್ತಿಯಿಂದ ಆ ದಿನ ಮಲಗುವುದುಂಟು. ಈ ಸಂತೃಪ್ತಿಗೆ ಶಾಸ್ತ್ರದ ಸಮ್ಮತಿಯಿದೆಯೇ ಎಂದು ವಿಚಾರಿಸಹೊರಟರೆ ದೊರೆಯುವ ಉತ್ತರ ಅವನಿಗೆ ಅಷ್ಟು ಹಿತವಾಗಲಾರದು.

ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ತೈತ್ತಿರೀಯೋಪನಿಷತ್ತಿನ ಉಪದೇಶ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಆ ಅತಿಥಿಯು ನಾವು ದಿನ ಗೊತ್ತುಮಾಡಿ ಕರೆದ ಮಿತ್ರನಲ್ಲ. ಒಂದು ರಾತ್ರಿ ತಂಗಿ ಮುಂದೆ ಸಾಗುವವನನ್ನು ಅತಿಥಿಯೆಂದು ಗಣಿಸುವ ಮನುಸ್ಮೃತಿಯ 3ನೆಯ ಅಧ್ಯಾಯ, ಅದೇ ಊರಿನವನನ್ನು ಆ ಗಣನೆಯಿಂದ ಸ್ಪಷ್ಟವಾಗಿ ಹೊರಗಿಡುತ್ತದೆ. ಬಿಸಿಲಲ್ಲಿ ನಡೆದು ಬಂದವನಿಗೆ, ಹೆಸರನ್ನು ಕೇಳುವ ಮೊದಲೇ, ಬೆಲ್ಲವನ್ನೂ ನೀರನ್ನೂ ತಂದಿಡುತ್ತಿದ್ದ ನಮ್ಮ ಮಲೆನಾಡಿನ ಮನೆಗಳು ಈ ಭೇದವನ್ನು ಗ್ರಂಥವನ್ನೋದದೆಯೇ ಬಲ್ಲವಾಗಿದ್ದವು. ಜೈನ ಶ್ರಾವಕನ 12 ವ್ರತಗಳಲ್ಲೊಂದಾದ ಅತಿಥಿಸಂವಿಭಾಗವಂತೂ ಇನ್ನೂ ಸೂಕ್ಷ್ಮವಾದುದು: ಮುನಿಗೆಂದೇ ಉದ್ದೇಶಿಸಿ ಅಟ್ಟ ಅನ್ನ ಅಲ್ಲಿ ದೋಷಯುಕ್ತವಾದುದು, ತನಗಾಗಿ ಮಾಡಿಕೊಂಡುದರಲ್ಲಿಯೇ ಪಾಲು ಕೊಡತಕ್ಕದ್ದು. ಈ ಕಟ್ಟಳೆಯನ್ನು ನಮ್ಮ ಔತಣಗಳಿಗೆ ಅನ್ವಯಿಸಿದರೆ, ಒಂದು ವಾರದಿಂದ ಪಟ್ಟಿ ಬರೆದು ಮಾಡಿಸಿದ ಆ ಐದಾರು ಬಗೆಯ ಭಕ್ಷ್ಯಗಳಲ್ಲಿ ಉಳಿಯುವುದೇನು?

ಮತ್ತೊಂದು ತೊಡಕು ಮುಯ್ಯಿಯದು. ಕಳೆದ ಯುಗಾದಿಗೆ ಅವರು ಕರೆದಿದ್ದರು, ಈ ದೀಪಾವಳಿಗೆ ನಾವು ಕರೆಯದಿದ್ದರೆ ಹೇಗೆ, ಎಂಬ ಲೆಕ್ಕ ನಮ್ಮ ಹೆಚ್ಚಿನ ಔತಣಗಳ ಹಿಂದೆ ಇದ್ದೇ ಇರುತ್ತದೆ. ಪ್ರತ್ಯುಪಕಾರದ ಆಸೆಯಿಂದ ಕೊಟ್ಟುದನ್ನು ಗೀತೆಯ 17ನೆಯ ಅಧ್ಯಾಯವು ರಾಜಸದಾನವೆನ್ನುತ್ತದೆ. ತಿರುಗಿ ಕರೆಯಬಲ್ಲ ಸಿರಿವಂತ ನೆರೆಯವರನ್ನು ಬಿಟ್ಟು ಬಡವರನ್ನೂ ಕುಂಟರನ್ನೂ ಕುರುಡರನ್ನೂ ಊಟಕ್ಕೆ ಕರೆಯೆಂದು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಯೇಸು ತನ್ನ ಆತಿಥೇಯನಿಗೇ ಹೇಳುತ್ತಾನೆ. ಮನುವಿನ ಮಾತು ಎಲ್ಲಕ್ಕಿಂತ ಕಟುವಾದುದು: ಶ್ರಾದ್ಧದಲ್ಲಿ ಸ್ನೇಹಿತರಿಗೇ ಉಣಿಸುವ ಉಪಚಾರ ಪೈಶಾಚಿಕವಾದುದೆಂದೂ, ಒಂದೇ ಮನೆಯಲ್ಲಿ ನಿಂತ ಕುರುಡು ಹಸುವಿನಂತೆ ಅದು ಈ ಲೋಕವನ್ನು ದಾಟದೆಂದೂ ಅವನ ನಿರ್ಣಯ. ಅದು ಪಿತೃಕಾರ್ಯದ ಮಾತೆಂಬುದು ದಿಟವಾದರೂ, ಓದಿದವನು ತನ್ನ ಔತಣದ ಪಟ್ಟಿಯನ್ನು ಇನ್ನೊಮ್ಮೆ ನೋಡದಿರಲಾರ.

ಹಾಗಾದರೆ ಗೆಳೆಯರನ್ನು ಕರೆಯಲೇ ಬಾರದೆ? ಆ ಅಭಿಪ್ರಾಯ ನನ್ನದಲ್ಲ, ಸ್ಮೃತಿಯದೂ ಅಲ್ಲ. ಪ್ರೀತಿಯಿಂದ ಮನೆಗೆ ಬಂದ ಮಿತ್ರರಿಗೆ ಶಕ್ತಿಯಿದ್ದಷ್ಟು ಒಳ್ಳೆಯ ಅಡಿಗೆಯನ್ನು ಉಣಿಸಬೇಕೆಂದು ಅದೇ ಅಧ್ಯಾಯ ವಿಧಿಸುತ್ತದೆ. ಅದೂ ಪತ್ನಿಯೊಡನೆ, ಎಂದರೆ ಅವಳು ಉಣ್ಣುವ ಹೊತ್ತಿನಲ್ಲಿ. ನವವಧುಗಳಿಗೂ ರೋಗಿಗಳಿಗೂ ಗರ್ಭಿಣಿಯರಿಗೂ ಅತಿಥಿಗಳಿಗಿಂತ ಮೊದಲೇ ಬಡಿಸಬಹುದೆಂದು ಅನುಮತಿಯಿದೆ. ಬ್ರಾಹ್ಮಣರೂ ತನ್ನವರೂ ಸೇವಕರೂ ಉಂಡ ಬಳಿಕ ಉಳಿದುದನ್ನು ಉಣ್ಣತಕ್ಕವರು ದಂಪತಿಗಳು, ಇಬ್ಬರೂ. ನಾವಾದರೋ ಈ ವಿಧಿಯಲ್ಲಿ ಗಂಡನ ಪಾಲನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿದ್ದೇವೆ. ಮನೆಯೊಡೆಯನು ಮೊದಲ ಪಂಕ್ತಿಯಲ್ಲಿ ಅತಿಥಿಗಳ ಪಕ್ಕದಲ್ಲೇ ಕುಳಿತು, ತುಪ್ಪ ಸಾಲದೆಂದು ಒಳಗೆ ಕೂಗಿ ಹೇಳುತ್ತಾನೆ. ಹೊಗೆಯಲ್ಲಿ ಬೆಳಗಿನಿಂದ ಬೆಂದವಳು ಮೂರು ಗಂಟೆಗೆ, ಮೆತ್ತಗಾದ ಹಪ್ಪಳವನ್ನೂ ತಣ್ಣಗಾದ ಸಾರನ್ನೂ ಮುಂದಿಟ್ಟುಕೊಂಡು, ಪಾಯಸದ ಪಾತ್ರೆಯ ತಳವನ್ನು ಸೌಟಿನಿಂದ ಬಳಿದು ತನ್ನ ಎಲೆಗೆ ಹಾಕಿಕೊಳ್ಳುತ್ತಾಳೆ. ಅತಿಥಿ ದೇವರಾದುದರಿಂದ ಅವಳ ಈ ಉಪವಾಸ ಪುಣ್ಯವೆಂದು ಸಮಾಧಾನ ಹೇಳುವವರೂ ಇದ್ದಾರೆ. ಉಂಡವನು ದೇವರಲ್ಲ, ಗಂಡನ ಕಚೇರಿಯ ಗೆಳೆಯ. ಮುಂದಿನ ತಿಂಗಳು ಅವನ ಮನೆಯಲ್ಲಿಯೂ ಇಂತಹುದೇ ಊಟವಿದೆ, ಅಲ್ಲಿಯೂ ಒಬ್ಬಾಕೆ ಮೂರು ಗಂಟೆಯವರೆಗೆ ಕಾಯುತ್ತಾಳೆ.

ಸ್ನೇಹದ ಊಟಕ್ಕೆ ಯಜ್ಞದ ಹೆಸರೇಕೆ ಬೇಕು? ಅದು ಸಮಾನರ ಸಂತೋಷ, ಅಷ್ಟಾದರೆ ಸಾಲದೆ? ಆಗ ಪಾತ್ರೆಗಳನ್ನು ನಡುವೆ ಇರಿಸಿಕೊಂಡು, ಆಕೆಯೂ ಸೇರಿದಂತೆ ಎಲ್ಲರೂ ಒಟ್ಟಿಗೆ ಕುಳಿತು, ಬೇಕಾದುದನ್ನು ಬೇಕಾದಷ್ಟು ಹಾಕಿಕೊಳ್ಳಬಹುದು. ಉಪಚಾರ ಸಾಲದಾಯಿತೆಂದು ಗೊಣಗುವ ಹಿರಿಯರು ಯಾವ ಊರಿನಲ್ಲಿಯೂ ಇದ್ದಾರೆ. ಅವರಿಗೆ ಬೇರೆ ಎಲೆ ಹಾಕಿಸಿ, ಮನೆಯೊಡೆಯನೇ ಸೌಟು ಹಿಡಿದು ಬಡಿಸಲಿ.