ಮಂಗಳ ಹಾಡುವವರು ಯಾರು?

ನಮ್ಮ ಟಿ.ವಿ. ಧಾರಾವಾಹಿಗಳಿಗೆ ಶೀರ್ಷಿಕೆ ಗೀತೆ ಇರುತ್ತದೆ, ಮುಕ್ತಾಯದ ಗೀತೆ ಇರುವುದಿಲ್ಲ. ಕಥೆ ಶುರುವಾಗುವುದನ್ನು ದಿನವೂ ಹಾಡಿ ಸಾರುತ್ತೇವೆ. ಮುಗಿಯುವುದನ್ನು ಮಾತ್ರ ಅದರ ಪಾಡಿಗೆ ಬಿಡುತ್ತೇವೆ. ಇದು ಸಣ್ಣ ವಿಷಯವೆಂದು ಕಾಣಬಹುದು. ಆದರೆ ಕಥೆ ಮುಗಿಸುವುದು ಹೇಳುವವನ ಇಷ್ಟವೋ, ಕೇಳುವವನಿಗೆ ಅವನು ತೀರಿಸಬೇಕಾದ ಋಣವೋ ಎಂಬ ಪ್ರಶ್ನೆ ಇದರ ಬೆನ್ನಿಗಿದೆ.

ಇಸಳೂರು, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಇದನ್ನು ಯಕ್ಷಗಾನದ ಮೂಲಕ ಹೇಳುವುದು ಸುಲಭ. ಬಡಗುತಿಟ್ಟಿನ ಆಟದಲ್ಲಿ ಭಾಗವತರು ಎಲ್ಲರ ಕಣ್ಣೆದುರಿಗೇ ಕೂತಿರುತ್ತಾರೆ. ವೇಷಧಾರಿ ಮಾತನ್ನು ಎಷ್ಟೇ ಬೆಳೆಸಲಿ, ಅವರು ಮುಂದಿನ ಪದ್ಯ ಎತ್ತಿಕೊಂಡರೆ ಮಾತು ನಿಲ್ಲಲೇಬೇಕು. ಕೊನೆಗೆ ಮಂಗಳ ಹಾಡುವವರೂ ಅವರೇ. ಅಂದರೆ 'ಇನ್ನು ಸಾಕು' ಎಂದು ಹೇಳುವ ಅಧಿಕಾರ ಅಲ್ಲಿ ಸಂಗೀತದ ಕೈಯಲ್ಲಿದೆ. ಧಾರಾವಾಹಿಯ ಹಿನ್ನೆಲೆ ಸಂಗೀತಕ್ಕೆ ಆ ಅಧಿಕಾರವಿಲ್ಲ. ಅತ್ತೆಯ ಒಂದು ಮಾತಿಗೆ ಗುಡುಗಿನ ಸದ್ದು, ಮೂರು ಸಲ ಸೊಸೆಯ ಮುಖ, ಆಮೇಲೆ ಜಾಹೀರಾತು. ಇಲ್ಲಿ ಸಂಗೀತ ಕಥೆಯನ್ನು ನಡೆಸುವುದಿಲ್ಲ, ತಡೆದು ನಿಲ್ಲಿಸುತ್ತದೆ. ಸಾಕೆನ್ನುವ ಅಧಿಕಾರ ಟಿಆರ್‌ಪಿಗೆ ಹೋಗಿದೆ.

ಹಾಗೆಂದು ನಮ್ಮ ಕಿರುತೆರೆಗೆ ಒಳ್ಳೆಯ ಸಂಗೀತವೇ ಬರಲಿಲ್ಲ ಎನ್ನಲಾಗದು. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್'ಗೆ ಎಲ್. ವೈದ್ಯನಾಥನ್ ಕಟ್ಟಿದ ರಾಗ ಇಂದಿಗೂ ಜನರ ಬಾಯಲ್ಲಿದೆ. 1998ರಲ್ಲಿ ದೂರದರ್ಶನದಲ್ಲಿ ಬಂದ ಟಿ.ಎನ್. ಸೀತಾರಾಮ್ ಮತ್ತು ಸಂಗಡಿಗರ 'ಮಾಯಾಮೃಗ'ಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಗೀತೆ ಬರೆದರು, ಸಿ. ಅಶ್ವತ್ಥ್ ಸಂಗೀತ ಕೊಟ್ಟರು. ಅದೇ ಸೀತಾರಾಮ್ ಅವರ 'ಮಗಳು ಜಾನಕಿ' 2020ರ ಲಾಕ್‌ಡೌನ್ ಕಾಲದಲ್ಲಿ ಅರ್ಧಕ್ಕೇ ನಿಂತಾಗ ನೋಡುಗರಿಗಾದ ನೋವು ಕೇವಲ ಕುತೂಹಲ ತಣಿಯದ ನೋವಲ್ಲ. ಅನ್ಯಾಯ ಕಂಡವರಿಗೆ ಅದರ ಹಿಸಾಬು ಸಿಗಲಿಲ್ಲ ಎಂಬ ನೋವು.

ಬದುಕಿಗೇ ಅಂತ್ಯವಿಲ್ಲದಿರುವಾಗ ಕಥೆಗೇಕೆ ಎಂದು ಕೇಳುವವರಿದ್ದಾರೆ. ದಿನವಿಡೀ ದುಡಿದು ಸಂಜೆ ಟಿ.ವಿ. ಮುಂದೆ ಕೂರುವ ತಾಯಂದಿರಿಗೆ ಆ ಪಾತ್ರಗಳೇ ನೆರೆಹೊರೆ. ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಉದ್ದವೇ ತಪ್ಪೂ ಅಲ್ಲ. ಉರ್ದುವಿನ 'ತಿಲಿಸ್ಮೆ ಹೋಶ್‌ರುಬಾ' ಸಾವಿರಾರು ಪುಟಗಳ ದಾಸ್ತಾನ್. ಶಹರ್‌ಜಾದಿ ಸಾವಿರದೊಂದು ರಾತ್ರಿ ಕಥೆ ಎಳೆದಳು. ಆದರೆ ಅವಳು ಎಳೆದದ್ದು ಒಂದು ಜೀವ ಉಳಿಸಲು. ಕೇಳುತ್ತಿದ್ದ ದೊರೆಯ ಮನಸ್ಸು ಬದಲಾದಾಗ ಆ ಕಥೆಗೆ ಮುಂದುವರಿಯುವ ಅಗತ್ಯ ಉಳಿಯಲಿಲ್ಲ. ಕಥೆ ಎಳೆಯುವವರೆಲ್ಲರನ್ನೂ ಕೇಳಬೇಕಾದ ಪ್ರಶ್ನೆ ಇದೇ: ಇದರಿಂದ ಯಾರ ಜೀವ ಉಳಿಯಿತು? ಯಾರ ಮನಸ್ಸು ಬದಲಾಯಿತು?

ಗಡಿಯಾಚೆಯ ಉರ್ದು ನಾಟಕಗಳು ಇನ್ನೊಂದು ದಾರಿ ತೋರಿವೆ. 2011ರಲ್ಲಿ ಶುರುವಾದ 'ಹಮ್‌ಸಫರ್' ಇಪ್ಪತ್ತಮೂರು ಕಂತುಗಳಲ್ಲಿ ಮುಗಿಯಿತು. ಅದರ ಹಾಡು ನಸೀರ್ ತುರಾಬಿಯವರ ಗಜಲ್. 1971ರಲ್ಲಿ ಢಾಕಾ ಕಳೆದುಕೊಂಡ ದುಃಖದಲ್ಲಿ ಹುಟ್ಟಿದ್ದು. ಒಂದು ದೇಶದ ಅಗಲಿಕೆಯ ಹಾಡು ಗಂಡ-ಹೆಂಡಿರ ಅಗಲಿಕೆಗೂ ಹೊಂದಿಕೊಂಡಿತು. ಎಲ್ಲಿ ನಿಲ್ಲಬೇಕೆಂದು ಕಥೆಗೆ ಗೊತ್ತಿದ್ದರಿಂದ ಹಾಡಿಗೂ ಬೆಲೆ ಉಳಿಯಿತು.

ಕೊನೆಯ ಕಂತಿನಲ್ಲಿ ವರ್ಷಗಳ ಖಳನಾಯಕಿ ಹತ್ತು ನಿಮಿಷದಲ್ಲಿ ಅತ್ತು, ಎಲ್ಲರೂ ಕ್ಷಮಿಸಿ, ಗ್ರೂಪ್ ಫೋಟೋಕ್ಕೆ ನಿಲ್ಲುವುದನ್ನು ನಾವು ಮುಕ್ತಾಯವೆನ್ನುವುದಿಲ್ಲ. ನೊಂದವಳು ಏನನ್ನು ಕ್ಷಮಿಸಿದಳು, ನೋಯಿಸಿದವಳು ಏನನ್ನು ತೆತ್ತಳು ಎಂಬುದಕ್ಕೆ ಉತ್ತರವಿಲ್ಲದ ಕ್ಷಮೆ, ನೊಂದವಳಿಗೆ ಆದ ಇನ್ನೊಂದು ಅನ್ಯಾಯ.

ಮುಗಿಯದ ಕಣ್ಣೀರನ್ನು ದಿನವೂ ನೋಡಿದ ಕಣ್ಣಿಗೆ ಕಣ್ಣೀರು ಮಾಮೂಲಾಗುತ್ತದೆ. ಆಮೇಲೆ ಪಕ್ಕದ ಮನೆಯ ಹೆಣ್ಣುಮಗಳು ನಿಜವಾಗಿ ಅತ್ತಾಗ ಹಿನ್ನೆಲೆಯಲ್ಲಿ ಯಾವ ಸಂಗೀತವೂ ಇರುವುದಿಲ್ಲ. ಆ ಅಳು ನಮ್ಮ ಕಿವಿಗೆ ಬೀಳುವುದೇ?