ಪಗಾರ ಚುಕ್ತಾ ಆದ ಮೇಲೆ ಉಳಿಯುವ ಋಣ

ನಮ್ಮ ಕಡೆ ಈಗ ಗುರುವಂದನೆಯ ಕಾಲ. ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದವರು ವಾಟ್ಸಾಪ್ ಗುಂಪಿನಲ್ಲಿ ಒಂದಾಗುತ್ತಾರೆ, ಹಳೆಯ ಮಾಸ್ತರರನ್ನೆಲ್ಲ ಹುಡುಕುತ್ತಾರೆ, ಶಾಲೆಯ ಅಂಗಳದಲ್ಲಿ ಪೆಂಡಾಲ್ ಹಾಕಿಸುತ್ತಾರೆ. ಡೊಳ್ಳು, ಮೆರವಣಿಗೆ, ಶಾಲು, ಹಾರ, ಕೆಲವು ಕಡೆ ಪಾದಪೂಜೆ. ಗದಗ ಜಿಲ್ಲೆಯ ಯಾವ ಊರಿಗೆ ಹೋದರೂ ಇಂಥ ಒಂದು ಬ್ಯಾನರ್ ಕಣ್ಣಿಗೆ ಬೀಳುತ್ತದೆ. ಶಿಗ್ಲಿಯಲ್ಲಿ ಮಾಸ್ತರನಾಗಿ, ಮುಖ್ಯೋಪಾಧ್ಯಾಯನಾಗಿ, ಈಗ ಪ್ರಾಚಾರ್ಯನಾಗಿ ನಿವೃತ್ತಿಗೆ ಬಂದು ನಿಂತಿರುವ ನನ್ನನ್ನೂ ಆ ಖುರ್ಚಿಗಳಲ್ಲಿ ಕೂಡಿಸಿದ್ದಾರೆ. ಹುಡುಗರ ಪ್ರೀತಿ ಅಪ್ಪಟವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ಕೂತಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ: ನಾನು ಪಗಾರ ತಗೊಂಡು ಪಾಠ ಹೇಳಿದವನು. ತಿಂಗಳು ತಿಂಗಳು ಲೆಕ್ಕ ಚುಕ್ತಾ ಆಗಿದೆ. ಇವರು ತೀರಿಸಲು ಬಂದಿರುವ ಋಣ ಯಾವುದು, ಅದು ಯಾರದು?

ಶರಣರ ನಾಡಿನವರಾದ ನಾವು ಈ ಪ್ರಶ್ನೆಗೆ ಆಯ್ದಕ್ಕಿ ಲಕ್ಕಮ್ಮನ ಮನೆಯಿಂದಲೇ ಉತ್ತರ ಹುಡುಕಬೇಕು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಅವಳ ಗಂಡ ಮಾರಯ್ಯನ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಗುರುವಂದನೆಯ ವೇದಿಕೆಯಲ್ಲಿ ನನಗೆ ಸಿಗುವ ಶಾಲು, ಹಾರ, ದೇವರಿಗೆ ಸಮಾನ ಎನ್ನುವ ಮಾತು ಇವೆಲ್ಲ ಆ ಹೆಚ್ಚಿನ ಅಕ್ಕಿಯೇ. ಮಾರಯ್ಯನಿಗೆ ಅದನ್ನು ಎಲ್ಲಿ ಸುರಿಯಬೇಕೆಂದು ಗೊತ್ತಿತ್ತು. ನಾನು ಎಲ್ಲಿ ಸುರಿಯಲಿ?

ಇದಕ್ಕೆ ನಾನು ನಡೆದು ಬಂದ ದಾರಿಯನ್ನೇ ನೋಡಬೇಕು. ಶಿಗ್ಲಿ ನೇಕಾರರ ಊರು. ನನ್ನ ಅಪ್ಪ ಇನ್ನೊಬ್ಬರ ಮಗ್ಗದಲ್ಲಿ ಕೂಲಿ ನೇಯುತ್ತಿದ್ದರು. ಮಗ್ಗದ ಮನೆಯಲ್ಲಿ ಹುಟ್ಟಿದ ಮಗುವಿನ ಮೊದಲ ಕೆಲಸ ಕಂಡಿಕೆ ಸುತ್ತುವುದು. ರಾಟಿ ತಿರುಗಿಸಿ, ಲಾಳಿಯೊಳಗೆ ಕೂಡುವ ಸಣ್ಣ ಕಂಡಿಕೆಗೆ ನೂಲು ಸುತ್ತಿ ಕೊಡಬೇಕು. ಕಂಡಿಕೆ ತೀರಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಆ ರಾಟಿಯ ಮುಂದೆ ನನ್ನ ಜಾಗದಲ್ಲಿ ಅವ್ವ ಕೂತಳು. ರೊಟ್ಟಿ ಬಡಿದು, ನೀರು ತಂದು, ಎಲ್ಲರೂ ಉಂಡ ಮೇಲೆ ಸುತ್ತುತ್ತಿದ್ದಳು. ನಾನು ಲಕ್ಷ್ಮೇಶ್ವರದಲ್ಲಿ ಪಿಯುಸಿ ಓದಿದ್ದು, ಧಾರವಾಡದಲ್ಲಿ ಬಿ.ಎ., ಬಿ.ಎಡ್. ಮಾಡಿದ್ದು ಆ ರಾಟಿಯ ಲೆಕ್ಕದಲ್ಲಿ.

ಮಾಸ್ತರನಾದ ಮೇಲೂ ಪಗಾರ ಕೂಡಲೇ ಬರಲಿಲ್ಲ. ಖಾಸಗಿ ಸಂಸ್ಥೆಯ ಹುದ್ದೆಗೆ ಸರಕಾರದ ಅನುದಾನ ಸಿಗುವವರೆಗೆ ಮಾಸ್ತರರು ಕೈಗೆ ಬಂದಷ್ಟರಲ್ಲಿ ದುಡಿಯುವುದು ನಮ್ಮ ಭಾಗದಲ್ಲಿ ಎಷ್ಟೋ ಜನರ ಕತೆ. ಆ ವರ್ಷಗಳಲ್ಲಿ ನನ್ನ ಸಂಸಾರ ಸಾಗಿದ್ದು ಒಬ್ಬ ಕಿರಾಣಿ ಅಂಗಡಿಕಾರರ ಉದ್ರಿಯಿಂದ. ಜೋಳ, ಬೇಳೆ, ಎಣ್ಣೆ, ಮಗುವಿಗೆ ಬಿಸ್ಕೀಟು ಎಲ್ಲ ಉದ್ದನೆಯ ಕೆಂಪು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ದಿನವೂ ಕೇಳಲಿಲ್ಲ. ಅನುದಾನ ಬಂದ ಮೇಲೆ ಪೈಸೆ ಪೈಸೆ ಕೊಟ್ಟೆ. ಅವರು ನನ್ನ ಹೆಸರಿನ ಪುಟದ ಮೇಲೆ ಅಡ್ಡಗೆರೆ ಎಳೆದು, "ಮಾಸ್ತರ್ರ, ನಮ್ಮ ಹುಡುಗರಿಗೆ ಬರೂಹಂಗ ಕಲಸ್ರಿ, ಅಷ್ಟ ಸಾಕು" ಅಂದರು. ರೊಕ್ಕದ ಲೆಕ್ಕಕ್ಕೆ ಗೆರೆ ಬಿತ್ತು. ನಂಬಿದ್ದಕ್ಕೆ ಏನು ಕೊಡಬೇಕು ಅನ್ನುವುದಕ್ಕೆ ವಹಿಯಲ್ಲಿ ಕಾಲಮ್ಮೇ ಇರಲಿಲ್ಲ. ಅವರೀಗ ಇಲ್ಲ. ಅವರು ಕೇಳಿದ್ದು ಮಾತ್ರ ನನ್ನ ಜೊತೆಗಿದೆ, ಮತ್ತು ಅವರು ಕೇಳಿದ್ದು ತಮಗಾಗಿ ಆಗಿರಲಿಲ್ಲ.

ಇಲ್ಲಿ ನನಗೆ ಹಳೆಯ ಗ್ರಂಥಗಳ ಒಂದು ವಿಚಾರ ಬಹಳ ನಿಜ ಅನ್ನಿಸುತ್ತದೆ. ಮನುಷ್ಯ ಋಣ ಹೊತ್ತೇ ಹುಟ್ಟುತ್ತಾನೆ ಎನ್ನುತ್ತದೆ ವೇದ. ದೇವತೆಗಳ ಋಣ ಯಜ್ಞದಿಂದ, ಪಿತೃಗಳ ಋಣ ಸಂತಾನದಿಂದ ತೀರುತ್ತದೆ. ಋಷಿಗಳ ಋಣ ತೀರುವುದು ಕಲಿಯುವುದರಿಂದ. ಋಷಿಗೆ ಏನನ್ನೂ ಕೊಂಡೊಯ್ದು ಕೊಡಬೇಕಿಲ್ಲ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಓದು ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತುಗಳಿವೆ. ಆಚಾರ್ಯನಿಗೆ ಪ್ರಿಯವಾದ ಧನ ತಂದುಕೊಡು ಎಂಬ ಮಾತೂ ಅಲ್ಲಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಉಪನಿಷತ್ತು ಅಲ್ಲಿಗೇ ಬಿಡುವುದಿಲ್ಲ: ಓದುವುದನ್ನೂ ಓದಿಸುವುದನ್ನೂ ಬಿಡಬೇಡ ಎಂದು ಒತ್ತಿ ಹೇಳುತ್ತದೆ. ಗುರುದಕ್ಷಿಣೆ ಒಮ್ಮೆ ಕೊಟ್ಟರೆ ಮುಗಿಯಿತು. ಕಲಿತದ್ದನ್ನು ಮುಂದಿನವರಿಗೆ ದಾಟಿಸುವ ಕೆಲಸಕ್ಕೆ ಮುಗಿತಾಯವಿಲ್ಲ.

ಪುಸ್ತಕ ಬೇಡ ಎನ್ನುವವರು ಶಿಶುನಾಳದ ಕಡೆ ನೋಡಬಹುದು. 1819ರಲ್ಲಿ ಹುಟ್ಟಿದ ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಕೆಲವು ಕಾಲ ಕನ್ನಡ ಸಾಲಿಯ ಮಾಸ್ತರರಾಗಿದ್ದವರು. ಕಳಸದ ಗೋವಿಂದ ಭಟ್ಟರು ಜಾತಿ ಮತ ನೋಡದೆ ಅವರನ್ನು ಶಿಷ್ಯನೆಂದು ಅಪ್ಪಿಕೊಂಡರು. ಅಲ್ಲಿ ಪಡೆದದ್ದೆಲ್ಲ ತತ್ವಪದವಾಗಿ ಊರೂರ ಭಜನೆಗೆ ಹೋಯಿತು, ನಮ್ಮೂರ ಗುಡಿಗೂ ಬಂತು.

ಇನ್ನೂ ಹತ್ತಿರದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜರಿಗೂ ಇರಲಿಲ್ಲ. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಮೂವತ್ತರ ಪುಟ್ಟರಾಜರ ಹೆಗಲಿಗೆ ಬಂದದ್ದು ಅಂಧ, ಅನಾಥ ಮಕ್ಕಳ ಅನ್ನ ಮತ್ತು ಸಂಗೀತ. 2010ರ ಸೆಪ್ಟೆಂಬರಿನಲ್ಲಿ ತಾವು ಹೋಗುವವರೆಗೆ, ಅರವತ್ತಾರು ವರ್ಷ, ಅದನ್ನು ನಡೆಸಿದರು. ನಾಟಕ ಕಂಪನಿ ನಡೆಸಿದ್ದೂ ಆ ಮಕ್ಕಳ ಊಟಕ್ಕಾಗಿ. ಭಕ್ತರು ಊರೂರಲ್ಲಿ ಅವರ ತುಲಾಭಾರ ಮಾಡುತ್ತಿದ್ದರು. ಅಂಥದೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಡೆ ಸಣ್ಣ ಮೈಯ ಅಜ್ಜಾರು ಕೈಮುಗಿದು ಕೂತಿದ್ದರು, ಇನ್ನೊಂದು ಕಡೆ ನಾಣ್ಯದ ಗಂಟುಗಳು. ತಕ್ಕಡಿ ಸಮವಾಯಿತು, ಜನ ಜಯಘೋಷ ಹಾಕಿದರು, ಗಂಟು ಆಶ್ರಮದ ದಾರಿ ಹಿಡಿಯಿತು. ಜನರ ಕೃತಜ್ಞತೆ ಅವರ ಬಳಿ ತೂಗುವಷ್ಟು ಹೊತ್ತು ಮಾತ್ರ ಇತ್ತು, ಆಮೇಲೆ ಮಕ್ಕಳ ತಾಟಿಗೆ ಹೋಯಿತು. ಸನ್ಮಾನ ಸ್ವೀಕರಿಸುವ ಧರ್ಮ ಇದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಬೇಡ ಎಂದು ತಳ್ಳಿದರೆ ಕೊಡುವವರ ಮನಸ್ಸು ನೋಯುತ್ತದೆ. ಇಟ್ಟುಕೊಂಡರೆ ನಮ್ಮದಲ್ಲದ್ದನ್ನು ಇಟ್ಟುಕೊಂಡಂತೆ. ತಗೊಳ್ಳಬೇಕು, ದಾಟಿಸಬೇಕು.

ಶಿಗ್ಲಿಯಂಥ ಊರಲ್ಲಿ ಅದನ್ನು ಯಾರಿಗೆ ದಾಟಿಸಬೇಕೋ ಅವರ ಮುಖಗಳು ನನಗೆ ಗೊತ್ತು. ಒಂಬತ್ತನೆಯ ತರಗತಿಗೆ ಬರುವುದನ್ನು ಬಿಟ್ಟ ಹುಡುಗಿಯೊಬ್ಬಳ ಮನೆಗೆ ಒಮ್ಮೆ ಹೋಗಿದ್ದೆ. ಪಡಸಾಲೆಯಲ್ಲಿ ಮಗ್ಗದ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ತಾಯಿ ಗಂಡನಿಗೆ ಕೈಸನ್ನೆ ಮಾಡಿ ಮಗ್ಗ ನಿಲ್ಲಿಸಿ ಕೇಳಿದಳು: "ಆಕಿ ಸಾಲಿಗೆ ಬಂದ್ರ ಕಂಡಿಕಿ ಯಾರು ಸುತ್ತಬೇಕ್ರಿ ಸರ?" ನನ್ನ ಬಳಿ ಉತ್ತರ ಇರಲಿಲ್ಲ, ಉತ್ತರ ಅವಳ ಬಳಿಯೇ ಇತ್ತು. ಮರುವಾರ ಹುಡುಗಿ ಬಂದಳು. ಕಂಡಿಕೆಯನ್ನು ತಾಯಿ ರಾತ್ರಿ ಹೊತ್ತು ಸುತ್ತತೊಡಗಿದ್ದಳು. ಆ ಹುಡುಗಿ ಈಗ ನರ್ಸ್. ಗುರುವಂದನೆಯಲ್ಲಿ ನನ್ನ ಕಾಲಿಗೆ ಬಿದ್ದಳು. ಅವಳ ತಾಯಿ ಪೆಂಡಾಲಿನ ಹಿಂದಿನ ಸಾಲಿನಲ್ಲಿ ನಿಂತಿದ್ದಳು, ಕೂಡಲು ಖುರ್ಚಿ ಸಿಕ್ಕಿರಲಿಲ್ಲ.

ಬಿಸಿಯೂಟದ ಅಡುಗೆಯವರೂ ಹೀಗೆಯೇ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಯೋಜನೆಗೆ ಸರಕಾರ ಇಟ್ಟ ಹೆಸರು ಅಕ್ಷರ ದಾಸೋಹ. ಬಸವಣ್ಣನವರ ದಾಸೋಹದಲ್ಲಿ ಕೊಡುವವನು ನಾನು ಕೊಟ್ಟೆ ಎನ್ನುವಂತಿಲ್ಲ. ಹೆಸರಿಗೆ ತಕ್ಕಂತೆ ನಡೆಯುತ್ತಿರುವವರು ಈ ಹೆಣ್ಣುಮಕ್ಕಳೇ. ನೂರಾರು ಮಕ್ಕಳಿಗೆ ಅನ್ನ ಬೇಯಿಸಿ, ಕಡೆಯ ಮಗು ತಾಟು ತೊಳೆದ ಮೇಲೆ ತಾವು ಉಣ್ಣುತ್ತಾರೆ. ಅವರಿಗೆ ಸಿಗುವುದು ಅಲ್ಪ ಗೌರವಧನ; ನನ್ನ ಪಗಾರದ ಮುಂದೆ ಅದನ್ನು ಇಟ್ಟು ನೋಡಿದರೆ ಶಾಲು ಯಾರ ಹೆಗಲಿಗೆ ಸಲ್ಲಬೇಕು ಎಂಬುದಕ್ಕೆ ಬೇರೆ ವಾದ ಬೇಕಿಲ್ಲ.

ಬರುವ ಮೇ ಕೊನೆಗೆ ನನಗೆ ನಿವೃತ್ತಿ. ಬೀಳ್ಕೊಡುಗೆಗೆ ಈಗಲೇ ಪಟ್ಟಿ ಎತ್ತಲು ಹೊರಟಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು: ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ನಿಮ್ಮ ನಿಮ್ಮ ಮನೆಯಲ್ಲಿ ಕಂಡಿಕೆ ಸುತ್ತಿದವರ, ಅಡುಗೆಮನೆಯ ಅವ್ವಂದಿರ, ಗಂಟೆ ಬಾರಿಸಿದ ಸಿಪಾಯಿಯ ಹೆಸರನ್ನು ಅದರಲ್ಲಿ ಸೇರಿಸಿ. ಮೊದಲ ಸಾಲಿನ ಖುರ್ಚಿ ಅವರಿಗೆ ಬಿಡಿ. ಹಾರ, ಮೆರವಣಿಗೆಯ ಖರ್ಚನ್ನು ಈ ವರ್ಷ ಹತ್ತನೆಯ ತರಗತಿಯಲ್ಲಿರುವ ಮಕ್ಕಳ ಪುಸ್ತಕಕ್ಕೆ ಕೊಡಿ. ನಾನು ತಪ್ಪದೆ ಬರುತ್ತೇನೆ.