ತುಂಡಾದ ಚೈನನ್ನು ಎಸೆಯುವ ಮುನ್ನ

ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿನಲ್ಲಿ ಮರ ಕೊಯ್ಯುವ ಮಿಷನ್ನಿಗೆ ಬಿಡುವಿರುವುದಿಲ್ಲ. ತೋಟದ ಮರಗಸಿ, ಕರೆಂಟಿನ ತಂತಿಗೆ ಬಾಗಿದ ಕೊಂಬೆ, ರಾತ್ರಿಯ ಗಾಳಿಗೆ ರಸ್ತೆಗೆ ಅಡ್ಡ ಬಿದ್ದ ಮರ, ಎಲ್ಲಕ್ಕೂ ಅದೇ ಬೇಕು. ರಿಪೇರಿ ಅಂಗಡಿಯಲ್ಲಿ ಒಂದು ದೂರು ಹುಟ್ಟುವುದೂ ಆಗಲೇ: “ಮೊನ್ನೆ ಹಾಕ್ಸಿದ ಚೈನು ಇವತ್ತೇ ತುಂಡಾಯ್ತಲ್ಲ ಮಾರಾಯ್ರೆ, ಡೂಪ್ಲಿಕೇಟ್ ಮಾಲು ಕೊಟ್ರಾ?” ಕಳಪೆ ಮಾಲು ಬರುವುದುಂಟು. ಆದರೆ ಒಂದೇ ಮಿಷನ್ನಿನಲ್ಲಿ ಒಂದರ ಹಿಂದೊಂದು ಚೈನ್ ಹೋಗುತ್ತಿದ್ದರೆ, ಚೈನನ್ನು ದೂರುವ ಮೊದಲು ಅದು ಓಡುವ ದಾರಿಯನ್ನು ನೋಡಬೇಕು.

ಮೊದಲು ನೋಡಬೇಕಾದ್ದು ಸ್ಪ್ರಾಕೆಟ್. ಚೈನ್ ಎಳೆದೂ ಎಳೆದೂ ಅದರ ಹಲ್ಲುಗಳಲ್ಲಿ ಗುಳಿ ಬೀಳುತ್ತದೆ. ಗುಳಿಯ ಆಳ ಅರ್ಧ ಮಿಲಿಮೀಟರ್ ಮುಟ್ಟಿದರೆ ಬದಲಿಸಲೇಬೇಕು. ಎರಡು ಚೈನ್ ಸವೆಯುವಷ್ಟರಲ್ಲಿ ಒಂದು ಹೊಸ ಸ್ಪ್ರಾಕೆಟ್ ಎಂಬುದು ಸಾಮಾನ್ಯ ಲೆಕ್ಕ. ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಸರಿಯಾಗಿ ಕೂರುವುದಿಲ್ಲ. ಒಂದೊಂದು ಲಿಂಕೂ ಜರ್ಕ್ ತಿನ್ನುತ್ತಾ ಓಡುತ್ತದೆ. ಪಿಚ್ ಹೊಂದದಿದ್ದರೂ ಗತಿ ಇದೇ. .325 ಇಂಚಿನ ಚೈನೂ 3/8 ಇಂಚಿನ ಚೈನೂ ಮೇಲುನೋಟಕ್ಕೆ ಒಂದೇ ಥರ ಕಾಣುತ್ತವೆ, ಸ್ಪ್ರಾಕೆಟ್ಟಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಆಯಿಲ್. ಬೈಕಿನಿಂದ ಇಳಿಸಿದ ಕರಿ ಆಯಿಲನ್ನು ಚೈನಿಗೆ ಹಾಕುವ ಅಭ್ಯಾಸವನ್ನು ನಾವು ಬಿಡಲೇಬೇಕು. ಸೆಕೆಂಡಿಗೆ ಇಪ್ಪತ್ತು ಮೀಟರ್‌ ಆಸುಪಾಸಿನಲ್ಲಿ ಓಡುವ ಚೈನಿಗೆ ಅಂಟಿಕೊಂಡು ನಿಲ್ಲುವ ಜಿಗುಟು ಅದರಲ್ಲಿಲ್ಲ. ಬಾರಿನ ತುದಿ ತಿರುಗುವಲ್ಲೇ ಸಿಡಿದು ಹೋಗುತ್ತದೆ. ಇಂಜಿನ್ನಿನಲ್ಲಿ ಸವೆದ ಲೋಹದ ಪುಡಿಯೂ ಅದರೊಳಗಿರುತ್ತದೆ. ಒಳ್ಳೆಯ ಆಯಿಲ್ ತಂದರೂ ಅದು ಚೈನಿಗೆ ಮುಟ್ಟುತ್ತಿದೆಯೇ ಎಂದು ನೋಡುವುದು ಸುಲಭ. ಪೆಟ್ರೋಲ್ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಆಯಿಲ್ ಟ್ಯಾಂಕೂ ಹೆಚ್ಚುಕಡಿಮೆ ಖಾಲಿಯಾಗಿರಬೇಕು. ಆಯಿಲ್ ಹಾಗೇ ಉಳಿದಿದ್ದರೆ ಬಾರಿನ ತೂತೋ ಚೈನ್ ಓಡುವ ಗಾಡಿಯೋ ಮರದ ಹುಡಿಯಿಂದ ಕಟ್ಟಿಕೊಂಡಿದೆಯೇ ಎಂದು ಬಿಚ್ಚಿ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಚೈನುಗಳನ್ನು ಕೊಲ್ಲುವುದು ಮೊಂಡು ಹಲ್ಲು ಎಂಬುದು ನನ್ನ ಖಚಿತ ಅಭಿಪ್ರಾಯ. 1946ರಲ್ಲಿ ಅಮೆರಿಕದ ಒರೆಗಾನ್ ಕಾಡಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್, ಮರ ಕೊರೆಯುವ ದುಂಬಿಯ ಮರಿಹುಳು ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಗಟ್ಟಿ ಮರದೊಳಗೆ ಸಲೀಸಾಗಿ ಸಾಗುವುದನ್ನು ಕಂಡರು. ಮರುವರ್ಷ ಪೋರ್ಟ್‌ಲ್ಯಾಂಡಿನಲ್ಲಿ ಅವರು ತಯಾರಿಸಲು ಶುರುಮಾಡಿದ ಚೈನಿನ ಹಲ್ಲು ಆ ದವಡೆಯನ್ನೇ ಹೋಲುತ್ತಿತ್ತು. ಇಂದಿನ ಚೈನುಗಳು ಅದರದೇ ಸಂತತಿ. ಇಂಥ ಹಲ್ಲು ಹರಿತವಾಗಿದ್ದರೆ ತಾನೇ ಮರದೊಳಕ್ಕೆ ಎಳೆದುಕೊಂಡು ಹೋಗುತ್ತದೆ, ಒತ್ತಬೇಕಾಗಿಲ್ಲ. ಒತ್ತಬೇಕಾಯಿತು, ಚಕ್ಕೆಯ ಬದಲು ನುಣ್ಣನೆ ಹುಡಿ ಬೀಳತೊಡಗಿತು ಎಂದರೆ ಅರ ಹಾಕುವ ಹೊತ್ತು ಬಂತು. ತೆಂಗಿನ ಮರವೂ ತೇಗವೂ ಹಲ್ಲನ್ನು ಬೇಗ ಮೊಂಡು ಮಾಡುತ್ತವೆ. ಮಣ್ಣಿಗೆ ಒಮ್ಮೆ ತಾಗಿದರೂ ಸಾಕು. ಮೊಂಡು ಚೈನನ್ನು ಒತ್ತಿ ಕೊಯ್ದರೆ ಕಾವು ಏರುತ್ತದೆ, ರಿವೆಟ್ಟಿನ ಸುತ್ತ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ತುಂಡಾಗುವುದು ಆಮೇಲಿನ ಯಾವುದೋ ಮರದಲ್ಲಿ, ಆಗ ನಾವು ಆ ಮರವನ್ನು ಬೈಯುತ್ತೇವೆ.

ಅರ ಹಾಕುವುದರಲ್ಲೂ ಒಂದು ಅಪಾಯವಿದೆ. ಹಲ್ಲಿನ ಮುಂದಿರುವ ಮೋಟು ಭಾಗ ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಬೇಗ ಕೊಯ್ಯಲೆಂದು ಅದನ್ನು ಇನ್ನೂ ತಗ್ಗಿಸುವವರಿದ್ದಾರೆ. ಆಗ ಹಲ್ಲು ಮರವನ್ನು ದಪ್ಪಗೆ ಕಚ್ಚಿ ಸಿಕ್ಕಿಕೊಳ್ಳುತ್ತದೆ. ಚೈನೂ ಉಳಿಯುವುದಿಲ್ಲ, ಮಿಷನ್ನೂ ಮುಖದ ಕಡೆಗೆ ಚಿಮ್ಮಬಹುದು.

ಆದ್ದರಿಂದ ತುಂಡಾದ ಚೈನನ್ನು ಪೊದೆಗೆ ಎಸೆಯಬೇಡಿ. ಒರೆಸಿ ಬೆಳಕಿಗೆ ಹಿಡಿಯಿರಿ. ಬಾರಿನ ಗಾಡಿಯೊಳಗೆ ಓಡುವ ಲಿಂಕುಗಳ ತಳ ಜಜ್ಜಿಹೋಗಿದ್ದರೆ ಸ್ಪ್ರಾಕೆಟ್ ಸವೆದಿದೆ, ಇಲ್ಲವೇ ಚೈನ್ ಸಡಿಲವಿತ್ತು. ಉಕ್ಕು ನೀಲಿಗೆ ತಿರುಗಿದ್ದರೆ ಆಯಿಲ್ ಮುಟ್ಟಿಲ್ಲ. ಸುತ್ತಿಗೆಯಿಂದ ರಿವೆಟ್ ಬಡಿದು ಹಿಂದೆ ಜೋಡಿಸಿದಲ್ಲೇ ಬಿಟ್ಟುಕೊಂಡಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ.

ಇಷ್ಟೆಲ್ಲ ಹೇಳುತ್ತಿರುವುದು ಚೈನಿನ ದುಡ್ಡು ಉಳಿಸಲು ಮಾತ್ರವಲ್ಲ. ತುಂಡಾದ ಚೈನು ಮಿಷನ್ ಹಿಡಿದವನ ಬಲಗೈ ಕಡೆಗೇ ಬೀಸುತ್ತದೆ. ಅದನ್ನು ತಡೆಯಲೆಂದೇ ಬಾರಿನ ಬುಡದ ಕೆಳಗೆ ಚೈನ್ ಕ್ಯಾಚರ್ ಎಂಬ ಸಣ್ಣ ಬಿಡಿಭಾಗವಿದೆ. ಅದು ಒಮ್ಮೆ ಮುರಿದರೆ ಎಷ್ಟೋ ಮಿಷನ್ನುಗಳಲ್ಲಿ ಮತ್ತೆ ಕೂರಿಸುವುದೇ ಇಲ್ಲ, ಹೊಸ ಚೈನಿಗೆ ಕೊಡುವ ದುಡ್ಡಿನ ಮುಂದೆ ಅದರ ಬೆಲೆ ಏನೇನೂ ಅಲ್ಲದಿದ್ದರೂ. ಕೊಂಬೆ ಎಳೆಯಲು ನಿಂತವರಿಗೆ ಆ ರಕ್ಷಣೆಯೂ ಇಲ್ಲ. ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕವೂ ಇಲ್ಲದೆ, ಎಷ್ಟೋ ಸಲ ಬಾರಿನ ನೇರಕ್ಕೇ ನಿಂತಿರುತ್ತಾರೆ. ಅವರನ್ನು ಪಕ್ಕಕ್ಕೆ ನಿಲ್ಲಿಸುವುದು ಮಿಷನ್ ಹಿಡಿದವನ ಮೊದಲ ಕೆಲಸ.

ಮಿಷನ್ ಹಿಡಿದವನಿಗೂ ಅದಕ್ಕೆಲ್ಲ ಪುರುಸೊತ್ತು ಬೇಕು. ಮರಕ್ಕಿಷ್ಟು ಎಂದು ಗುತ್ತಿಗೆ ಕೊಟ್ಟಲ್ಲಿ ಅರ ಹಾಕಲು ಕೂತ ಹತ್ತು ನಿಮಿಷ ಅವನಿಗೆ ನಷ್ಟ. ದಿನಗೂಲಿ ಕೊಟ್ಟಲ್ಲಿ ಅದು ಮಾಲೀಕರ ಕಣ್ಣಿಗೆ ಸೋಮಾರಿತನ. ಮರಗಸಿಗೆ ಜನ ಕರೆಯುವ ತೋಟದವರು ಈ ಸಲ ಅರ ಹಾಕುವ ಹೊತ್ತನ್ನೂ ಕೂಲಿಯ ಲೆಕ್ಕಕ್ಕೆ ಸೇರಿಸಲಿ, ಕೆಲಸ ಶುರುವಾಗುವ ಮುಂಚೆ ಬಾರ್ ಬಿಚ್ಚಿಸಿ ಸ್ಪ್ರಾಕೆಟ್ಟನ್ನೂ ಕ್ಯಾಚರನ್ನೂ ತಾವೇ ಒಮ್ಮೆ ನೋಡಲಿ.